ತೊಟ್ಟಿಲ ಫೋಟೋ ಮತ್ತು ನನ್ನ ಗಿಡ್ಡ ಸ್ಟ್ಯಾಂಡು

ನನ್ನ ಮೊಮ್ಮಗಳ ತೊಟ್ಟಿಲ ಫೋಟೋ ತೆಗೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಂಗಡಿಗೆ ಫೋಟೋ ತೆಗೆಸಲು ಬಂದವರಿಗೂ ಹೇಳುತ್ತೇನೆ, ಹಾಲು ಹಾಕಲು ಬಂದವನಿಗೂ ಹೇಳುತ್ತೇನೆ. "ಅಜ್ಜಾ, ಹ್ವಾದ ವಾರನೂ ಇದನ್ನೇ ಹೇಳಿದ್ರಿ" ಎಂದು ಅವನು ನಕ್ಕರೆ, "ಹ್ವಾದ ವಾರ ಅರ್ಧ ಹೇಳಿದ್ದೆ, ಕೂಡು" ಎನ್ನುತ್ತೇನೆ. ನನ್ನ ಶಾಲೆ ಮೂರನೆಯ ಇಯತ್ತೆಗೇ ಮುಗಿದದ್ದು. ಅಕ್ಷರ ಕೂಡಿಸಿ ಬರೆಯುವುದು ನಿಧಾನ. ಇರಲಿ, ನನಗೇನೂ ಬಸ್ ಹಿಡಿಯಬೇಕಾಗಿಲ್ಲ.

ಚಿಕ್ಕವನಿದ್ದಾಗ ಬಂದ ಒಂದು ಜ್ವರ ನನ್ನ ಎರಡೂ ಕಾಲುಗಳ ಬಲ ತೆಗೆದುಕೊಂಡು ಹೋಯಿತು. ಅದರ ಬಗ್ಗೆ ಇಷ್ಟು ಸಾಕು. ಕೈ ಉಳಿದವು, ಕಣ್ಣು ಉಳಿದವು, ಬಾಯಿಯಂತೂ ಚೆನ್ನಾಗಿಯೇ ಉಳಿಯಿತು. ಆಳಂದದಲ್ಲಿ ಸೋದರಮಾವನದೊಂದು ಫೋಟೋ ಅಂಗಡಿ ಇತ್ತು. ಅಲ್ಲಿ ಕೆಲಸ ಕಲಿತೆ, ಆಮೇಲೆ ಆ ಅಂಗಡಿ ನನ್ನದೇ ಆಯಿತು. ತಿರುಗಾಡಲು ಮೂರು ಗಾಲಿಯ ಗಾಡಿ ಬಂತು. ಮುಂದೆ ಒಂದು ಗಾಲಿ, ಹಿಂದೆ ಎರಡು, ಎದೆಯ ಮುಂದೆ ಕೈಯಿಂದ ತಿರುಗಿಸುವ ಪೆಡಲು. ಆ ಗಾಡಿಯಲ್ಲಿ ಕೂತರೆ ನನಗೆ ಊರೆಲ್ಲ ಅಂಗೈಯಷ್ಟು.

ಅಂಗಡಿಯ ಒಳಗೆ ತೊಂದರೆ ಇರಲಿಲ್ಲ. ಅಲ್ಲಿ ಎಲ್ಲವೂ ನನ್ನ ಎತ್ತರಕ್ಕೇ ಇತ್ತು. ಬಂದವರು ನಾನು ಹೇಳಿದಲ್ಲಿ ಕೂಡಬೇಕು, ಗದ್ದ ಎತ್ತು ಎಂದರೆ ಎತ್ತಬೇಕು. ತೊಂದರೆ ಶುರುವಾಗುತ್ತಿದ್ದದ್ದು ಹೊಸ್ತಿಲು ದಾಟಿದ ಮೇಲೆ. ಪೇಟೆಯಲ್ಲಿ ಸಿಗುವ ಕ್ಯಾಮೆರಾ ಸ್ಟ್ಯಾಂಡನ್ನು ನಿಂತ ಮನುಷ್ಯನಿಗಾಗಿ ಮಾಡಿರುತ್ತಾರೆ. ಅದರ ಮೂರು ಕಾಲು ಅಗಲಿಸಿ ಗಾಡಿಯ ಮುಂದೆ ಇಟ್ಟರೆ ನಡುವೆ ಪೆಡಲು ಬಂದು ನನ್ನ ಕೈ ಮುಟ್ಟುತ್ತಿರಲಿಲ್ಲ. ಪಕ್ಕಕ್ಕೆ ಇಟ್ಟರೆ ಒಂದು ಕಾಲು ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನನ್ನದು ಮೇಲಿನಿಂದ ಬಗ್ಗಿ ನೋಡುವ ಎರಡು ಕಣ್ಣಿನ ಕ್ಯಾಮೆರಾ. ಕೂತವನಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದನ್ನು ಆ ಸ್ಟ್ಯಾಂಡಿನ ಮೇಲೆ ಏರಿಸಿದರೆ ನನ್ನ ತಲೆಗಿಂತ ಎತ್ತರ ಹೋಗಿ ಕೂಡುತ್ತಿತ್ತು.

ಖಜೂರಿ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್ ಬೆಸೆಯುವ ವೆಲ್ಡಿಂಗ್ ಮಿಸ್ತ್ರಿಯೊಬ್ಬನಿದ್ದ. ನನ್ನ ವಯಸ್ಸಿನವನೇ, ಗೆಳೆಯ. ಕನ್ನಡ ಅರ್ಧ, ಉರ್ದು ಅರ್ಧ ಮಾತಾಡುತ್ತಿದ್ದ, ಎರಡರಲ್ಲೂ ಬಯ್ಯುತ್ತಿದ್ದ. ಅವನು ನನ್ನ ಗಾಡಿಯ ಚೌಕಟ್ಟಿಗೇ ಒಂದು ಕಬ್ಬಿಣದ ಪೈಪು ಬೆಸೆದು, ತುದಿಗೆ ಕ್ಯಾಮೆರಾ ಕೂಡುವ ಸ್ಕ್ರೂ ಹಾಕಿಕೊಟ್ಟ. "ಲೇ ಫೋಟೋ ಮಾಸ್ತರ, ಇದು ಭೂಕಂಪ ಬಂದ್ರೂ ಅಲುಗಾಡಂಗಿಲ್ಲ. ಎಕ್‌ದಮ್ ಪಕ್ಕಾ" ಎಂದ.

ಬಿಸಿಲಿನಲ್ಲಿ ಅದು ಪಕ್ಕಾ ಆಗಿಯೇ ಇತ್ತು. ಹಿರೋಳ್ಳಿಗೆ ಹೋಗಿ ಹೂಮಾಲೆ ಹಾಕಿದ ಹೊಸ ಟ್ರ್ಯಾಕ್ಟರು ತೆಗೆದೆ, ಜೋಡಿ ಎತ್ತು ತೆಗೆದೆ. ಕಣ್ಣು ಮಿಟುಕಿಸುವುದರೊಳಗೆ ಫೋಟೋ ಆಗುವಷ್ಟು ಬೆಳಕಿದ್ದರೆ ಗಾಡಿ ಅಲುಗಿದರೂ ಗೊತ್ತಾಗುವುದಿಲ್ಲ. ಹಂದರದ ಕೆಳಗೆ, ಮನೆಯ ಒಳಗೆ ಹಾಗಲ್ಲ. ಅಲ್ಲಿ ಕ್ಯಾಮೆರಾದ ಬಾಗಿಲು ತುಸು ಹೊತ್ತು ತೆರೆದೇ ಇರಬೇಕು. ಆ ಹೊತ್ತಿನಲ್ಲಿ ನಮ್ಮ ಜನ ಏನು ಮಾಡುತ್ತಾರೆ? ಮಾತಾಡಲು ಬರುತ್ತಾರೆ. ನಮ್ಮ ಕಡೆ ಗಾಡಿ ಎಂದರೆ ಕಾಲಿಡುವ ಜಾಗ. ಎತ್ತಿನ ಗಾಡಿ ಇರಲಿ, ಸೈಕಲ್ ಇರಲಿ, ನನ್ನ ಗಾಡಿ ಇರಲಿ, ಗಾಲಿಯ ಮೇಲೆ ಒಂದು ಕಾಲು ಇಟ್ಟು, ಮೊಣಕಾಲಿನ ಮೇಲೆ ಮೊಣಕೈ ಊರಿ "ಆರಾಮ ಇದ್ದೀರಿ?" ಎಂದು ಕೇಳಿದರೇ ಅವರಿಗೆ ಮಾತಾಡಿದ ಹಾಗೆ. ಖಜೂರಿಯ ಒಂದು ಮದುವೆಯಲ್ಲಿ ಬಂದವರೆಲ್ಲ ಹೀಗೆ ನನ್ನನ್ನು ಆರಾಮ ಕೇಳಿದರು. ಫೋಟೋ ಕೈಗೆ ಬಂದಾಗ ಮದುಮಗನ ತಂದೆ ಅದನ್ನು ಬೆಳಕಿಗೆ ಹಿಡಿದು, "ನಮ್ಮ ಹುಡುಗಗ ಒಂದ್ ಮೂಗು ಕೊಟ್ಟು ಕಳಸಿದ್ವಿ, ನೀವು ಎರಡು ಮಾಡಿ ಕೊಟ್ಟೀರಿ" ಎಂದ.

ಆ ಮಾತು ನನಗಿಂತ ಮೊದಲು ಆಳಂದ ಮುಟ್ಟಿತು. ಒಳಗಿನ ಕೆಲಸಕ್ಕೆ ನನ್ನನ್ನು ಕರೆಯುವುದು ನಿಂತಿತು. "ಒಂದ್ ಕಡೆ ಕುಂತು ಮಾಡೋ ಕೆಲಸ ಅದಲ್ಲ, ಅದನ್ನ ಯಾಕ ಬಿಡಬಾರ್ದು?" ಎಂದು ತಿಳಿದವರು ತಿಳಿಹೇಳಿದರು. ಬಿಡುತ್ತೇನೆ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅವರು ಕರೆಯುವುದನ್ನು ಬಿಟ್ಟರು, ಅಷ್ಟೇ.

ಹೀಗೆ ವರ್ಷಗಳು ಹೋದವು. ಮಗಳನ್ನು ಜೇವರ್ಗಿಗೆ ಕೊಟ್ಟೆವು. ಮಗನಿಗೆ ಅಫಜಲಪುರದ ಹೆಣ್ಣು ತಂದೆವು. ಸೊಸೆ ಹೆರಿಗೆಗೆ ತವರಿಗೆ ಹೋದಳು. ಒಂದು ಮಧ್ಯಾಹ್ನ ಅವಳ ಅಣ್ಣ ಬಸ್ಸಿಳಿದು ನೇರ ಅಂಗಡಿಗೆ ಬಂದು, "ಮಾವ, ಹೆಣ್ಣು ಕೂಸು. ತಾಯಿ ಕೂಸು ಆರಾಮ ಇದ್ದಾರ" ಎಂದ. ನಾನು ಆಗ ಯಾರದೋ ಫೋಟೋ ತೆಗೆಯುತ್ತಿದ್ದೆ. ಆ ಮನುಷ್ಯನನ್ನು ಗದ್ದ ಎತ್ತಿಸಿ ಕೂಡಿಸಿದವನು ಹಾಗೇ ಬಿಟ್ಟು ಗಾಡಿ ಹತ್ತಿದೆ. ಬಜಾರಿನಲ್ಲಿ ಪೇಡೆ ಕೊಂಡು ಗುರುತಿದ್ದವರಿಗೂ ಇಲ್ಲದವರಿಗೂ ಹಂಚಿದೆ. ಮರಳಿ ಬಂದರೆ ಆ ಮನುಷ್ಯ ಗದ್ದ ಎತ್ತಿಕೊಂಡೇ ಕೂತಿದ್ದ. ಅವನಿಗೂ ಪೇಡೆ ಕೊಟ್ಟೆ.

ಸೊಸೆಯ ಅಣ್ಣ ಇನ್ನೊಂದು ಮಾತು ತಂದಿದ್ದ. ತೊಟ್ಟಿಲ ಕಾರ್ಯಕ್ಕೆ ಬೀಗರು ಅಫಜಲಪುರದ ಬಸ್ ಸ್ಟ್ಯಾಂಡಿನ ಫೋಟೋದ ಹುಡುಗನಿಗೆ ಹೇಳಿಟ್ಟಿದ್ದರಂತೆ. "ನೀವು ಮುಂದ ಕುರ್ಚಿ ಮ್ಯಾಲ ಕೂಡ್ರಿ, ಫೋಟೋದಾಗ ಛಂದ ಬರ್ರಿ ಅಂತ ಅಪ್ಪ ಹೇಳ್ಯಾರ."

"ನಿಮ್ಮ ಅಪ್ಪಗ ಹೇಳು," ಎಂದೆ. "ನಾ ಫೋಟೋದಾಗ ಕೂಡಾಕ ಬರಂಗಿಲ್ಲ, ಫೋಟೋ ತೆಗ್ಯಾಕ ಬರ್ತೇನಿ. ಇನ್ನೊಂದು ಕ್ಯಾಮೆರಾ ಬಂದ್ರ ನಾ ಬರಂಗಿಲ್ಲ."

ಹೇಳುವುದನ್ನು ಹೇಳಿದೆ. ಸೊಸೆಯ ಅಣ್ಣ ಹೋದ ಮೇಲೆ ತುಸು ಚಿಂತೆ ಹತ್ತಿತು. ಯಾಕೆಂದರೆ ನನಗೆ ಬೇಕಾಗಿದ್ದದ್ದು ಅಂಗಳದಲ್ಲಿ ಕೂಸನ್ನು ಬಿಸಿಲಿಗೆ ಹಿಡಿದ ಫೋಟೋ ಅಲ್ಲ. ತೊಟ್ಟಿಲಲ್ಲಿ ಹಾಕುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಸೋದರತ್ತೆ ಎಂದರೆ ನನ್ನ ಮಗಳು. ಕಿವಿ ನನ್ನ ಮೊಮ್ಮಗಳದು. ಆ ಗಳಿಗೆ ನನಗೆ ಬೇಕಿತ್ತು. ಅದು ಆಗುವುದು ನಡುಮನೆಯಲ್ಲಿ. ಹಸಿಕೂಸಿನ ಕಣ್ಣಿಗೆ ಫ್ಲ್ಯಾಶ್ ಹೊಡೆಯಲು ನಮ್ಮ ಹೆಂಗಸರು ಬಿಡುವುದಿಲ್ಲ. ಮತ್ತೆ ಅದೇ ಕತ್ತಲು, ಅದೇ ತೆರೆದ ಬಾಗಿಲು. ಫೋಟೋದಲ್ಲಿ ಮೊಮ್ಮಗಳಿಗೆ ಎರಡು ಮೂಗು ಬಂದರೆ ಆ ಗಳಿಗೆ ಮರಳಿ ಬರುವುದಿಲ್ಲ. ಬೇರೆಯವನನ್ನೂ ನಾನೇ ಬೇಡವೆಂದಿದ್ದೆ.

ಮಿಸ್ತ್ರಿಯ ಶೆಡ್ಡಿಗೆ ಹೋದೆ. "ನಿನ್ನ ಪೈಪು ಕೊಯ್ಯಿ" ಎಂದೆ.

"ಯಾಕ? ಅದು ಪಕ್ಕಾ ಅದ."

"ಪಕ್ಕಾ ಅದ. ಗಾಡಿ ಅಲುಗಿದ್ರ ಅದೂ ಪಕ್ಕಾ ಅಲುಗ್ತದ. ಈಗ ಗಾಡಿಗೆ ಮುಟ್ಟಲಾರದ್ದು ಬೇಕು."

"ಮತ್ತ ಗಾಡಿಗ್ಯಾಕ ಮಾಡ್ಸಾಕ ಬಂದಿ?" ಎಂದ. ಎಂದರೂ ಚಹಾ ತರಿಸಿದ.

ನಾವು ಒಂದೊಂದಾಗಿ ನೋಡುತ್ತ ಹೋದೆವು. ಮೊದಲು ಕಾಲಿಡುವ ಹಲಗೆಯ ಮೇಲೆ ಊರಿದ ಒಂಟಿ ಕೋಲು. ಅದು ನನ್ನ ಉಸಿರಿನ ಜೊತೆಗೇ ಏರಿ ಇಳಿಯುತ್ತಿತ್ತು. ಆಮೇಲೆ ತೊಡೆಯ ಮೇಲೆ ತೊಗರಿ ತುಂಬಿದ ಚೀಲ, ಅದರಲ್ಲಿ ಹೂತ ಕ್ಯಾಮೆರಾ. ಇದು ಎಷ್ಟೋ ವಾಸಿ, ಈಗಲೂ ಬಿಸಿಲಲ್ಲಿ ಬಳಸುತ್ತೇನೆ. ಆದರೆ ಗಾಲಿಯ ಮೇಲೆ ಯಾರಾದರೂ ಕಾಲಿಟ್ಟರೆ ತೊಗರಿಯೂ ಕೈಕೊಡುತ್ತದೆ. ಕಡೆಗೆ ಮಿಸ್ತ್ರಿ ಸಣ್ಣ ಪೈಪುಗಳಿಂದ ಒಂದು ಗಿಡ್ಡ ಸ್ಟ್ಯಾಂಡು ಮಾಡಿದ. ಅದು ನನ್ನ ಬಲಮಗ್ಗುಲಲ್ಲಿ ನೆಲದ ಮೇಲೆ ನಿಲ್ಲುತ್ತಿತ್ತು. ಎರಡು ಕಾಲು ಹೊರಗೆ ಚಾಚಿದ್ದವು. ಮೂರನೆಯದು ಗಾಡಿಯ ಹೊಟ್ಟೆಯ ಕೆಳಗೆ ನುಸುಳಿ, ಎಲ್ಲಿಯೂ ತಾಗದೆ ನೆಲ ಹಿಡಿಯುತ್ತಿತ್ತು. ಕ್ಯಾಮೆರಾ ನನ್ನ ಎದೆಯ ಎತ್ತರಕ್ಕೆ ಬಂತು. ಸೊಂಟದಿಂದ ಮೇಲೆ ತಿರುಗಿ ತಲೆ ಬಗ್ಗಿಸಿದರೆ ಸಾಕು. ಕಾಲುಗಳ ತುದಿಗೆ ಜಾರದಂತೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆವು. ಗುಂಡಿಯನ್ನು ಕೈಯಿಂದ ಒತ್ತದೆ ಉದ್ದ ವೈರಿನಿಂದ ಒತ್ತುವಂತೆ ಮಾಡಿಕೊಂಡೆ.

ಒಂದೇ ಕೊರತೆ. ಸ್ಟ್ಯಾಂಡು ಹಗುರ. ಯಾರಾದರೂ ಪಕ್ಕದಲ್ಲಿ ನಡೆದರೂ ಜುಂಯ್ ಎನ್ನುತ್ತಿತ್ತು. ಅದರ ನಡುವಿನ ಕೊಂಡಿಗೆ ಭಾರ ಬೇಕಿತ್ತು. ಮನೆಗೆ ತಂದು, ಅಡುಗೆಮನೆಯ ಒರಳಿನ ಗುಂಡಕಲ್ಲನ್ನು ಅರಿವೆಯಲ್ಲಿ ಕಟ್ಟಿ ನೇತುಹಾಕಿದೆ. ಸ್ಟ್ಯಾಂಡು ನೆಲದಲ್ಲಿ ಬೇರು ಬಿಟ್ಟಂತೆ ನಿಂತಿತು.

ಹೆಂಡತಿ ಖಾರದ ಹಿಂಡಿ ಅರೆಯಲು ಬಂದವಳು ಬರಿದಾದ ಒರಳು ನೋಡಿ, "ಇವತ್ತ ಹಿಂಡಿ ನಿಮ್ಮ ಕ್ಯಾಮೆರಾದಾಗ ಅರೀಬೇಕೇನು?" ಎಂದಳು.

"ಸ್ವಲ್ಪ ತಡಿ ಬೇ. ಗಾಲಿ ಮ್ಯಾಲ ಕಾಲಿಡು."

"ಅಯ್ಯ, ನಾ ಯಾಕ ಇಡ್ಲಿ?"

"ಇಡು. ಆರಾಮ ಇದ್ದೀರಿ ಅಂತ ಕೇಳು."

ಅವಳು ಕಾಲಿಟ್ಟು ಕೇಳಿದಳು, ಅದೂ ನನ್ನ ತಲೆ ಕೆಟ್ಟಿದೆಯೇ ಎಂದು ಕೇಳುವ ದನಿಯಲ್ಲಿ. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ಫೋಟೋ ತೆಗೆದೆ. ರೀಲು ತೊಳೆದು ನೋಡಿದರೆ ಅದರ ಸಣ್ಣ ಅಕ್ಷರಗಳೂ ಎದ್ದು ಬಂದಿದ್ದವು. ಗಾಡಿ ಅಲುಗಿತ್ತು, ಕ್ಯಾಮೆರಾಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಕಾರ್ಯಕ್ಕೆ ಹೆಂಡತಿ ಮುಂಚೆಯೇ ಕೂಸಿನ ತಲೆಗೆ ಕಟ್ಟುವ ಕುಂಚಿಗೆ, ಬಳೆ, ಬಟ್ಟೆ ಹಿಡಿದು ಮಗನ ಜೊತೆ ಹೋದಳು. ನಾನು ಅಂಗಡಿ ಮುಚ್ಚಿ ಆ ದಿನ ನಸುಕಿಗೆ ಹೊರಟೆ. ಬಸ್ಸಿನ ಮೇಲೆ ಗಾಡಿ, ಮಡಿಲಲ್ಲಿ ಸ್ಟ್ಯಾಂಡು. ಗುಂಡಕಲ್ಲು ಒಯ್ಯಲಿಲ್ಲ. ಬಸ್ಸಿನಲ್ಲಿ ಕಲ್ಲು ಹೊತ್ತುಕೊಂಡು ಹೋಗುವ ಹುಚ್ಚನೇ ನಾನು? ಗುಂಡಕಲ್ಲು ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಇದೆಯೇ? ಬೀಗರ ಮನೆಯಲ್ಲಿ ಕೇಳಿದರಾಯಿತು ಎಂದುಕೊಂಡೆ.

ಬೀಗರ ಮನೆಯ ಬಾಗಿಲಿಗೆ ಬಂದಾಗ ಮೊದಲ ಜಗಳ. ಬೀಗರು ಕೈಮುಗಿದು, "ಬರ್ರಿ ಬರ್ರಿ ಬೀಗರ. ಗಾಡಿ ಹೊರಗ ಇರ್ಲಿ, ಹುಡುಗ್ರು ನಿಮ್ಮನ್ನ ಎತ್ತಿಕೊಂಡು ಒಳಗ ಬಿಡ್ತಾರ" ಎಂದರು.

"ನನ್ನನ್ನ ಎತ್ತೋದು ಬ್ಯಾಡ್ರಿ. ಗಾಡಿ ಎತ್ತಿದ್ರ ಸಾಕು, ನಾ ಅದರಾಗ ಇರ್ತೇನಿ."

"ಬೀದಿ ತುಳಿದ ಗಾಲಿ ನಡುಮನ್ಯಾಗ ಹ್ಯಾಂಗ್ರಿ?"

"ಬೀದಿ ತುಳಿದ ಕಾಲು ಹ್ಯಾಂಗ ಬರ್ತಾವು?"

ಬೀಗರು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಒಳಗಿನಿಂದ ಬೀಗತಿ ಒಂದು ಕೊಡ ನೀರು ಹಿಡಿದು ಬಂದವರು ಮೂರೂ ಗಾಲಿಗೆ ಸುರಿದು, "ಕಾಲು ತೊಳಕೊಂಡ್ರು, ಇನ್ನ ಬರ್ಲಿ" ಎಂದರು. ಅವತ್ತಿನಿಂದ ಆ ತಾಯಿಯ ಮೇಲೆ ನನಗೆ ಬಲು ಅಭಿಮಾನ.

ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರ ಬೆಳಕು ತೊಟ್ಟಿಲ ಮೇಲೆಯೇ ಬೀಳುತ್ತಿತ್ತು. ತಕ್ಕ ಮಟ್ಟಿಗೆ ಸಾಕು ಎನ್ನಿಸಿತು. ಫರಸಿ ಕಲ್ಲಿನ ನೆಲದ ಮೇಲೆ ಗಾಡಿ ಅಡ್ಡ ನಿಲ್ಲಿಸಿದೆ, ಗಾಲಿಗಳಿಗೆ ಇಟ್ಟಿಗೆ ಚೂರು ಒತ್ತಿಸಿದೆ, ಸ್ಟ್ಯಾಂಡು ಇಟ್ಟೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ಕೇಳಿದೆ. ಅವಳು ತಲೆ ಎತ್ತದೆ ಗುಂಡಕಲ್ಲು ಉರುಳಿಸಿಕೊಟ್ಟಳು. ನನ್ನ ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿ ನೇತುಹಾಕಿದೆ. ಬರಿದಾದ ತೊಟ್ಟಿಲನ್ನು ಕ್ಯಾಮೆರಾದಲ್ಲಿ ನೋಡಿದೆ. ಹಗ್ಗದ ನಾರೂ ಕಾಣುತ್ತಿತ್ತು. ಆ ಖುಷಿಯಲ್ಲಿ ಬೀಗರ ಕಡೆ ನೋಡಿ ನಕ್ಕೆ. ಅವರೂ ನಕ್ಕರು, ಅರ್ಧ.

ಹೆಂಗಸರು ಸೇರಿದರು. ಸೊಸೆ ಕೂಸನ್ನು ಎತ್ತಿಕೊಂಡು ಮಣೆಯ ಮೇಲೆ ಕೂತಳು. ಆಗ ಅಡುಗೆಮನೆಯ ಕಡೆ ಗದ್ದಲವೆದ್ದಿತು. "ಗುಂಡಪ್ಪ ಎಲ್ಲಿ ಹೋದ? ಈಗ ಇಲ್ಲೇ ಇದ್ನಲ್ಲ." ಯಾರೋ ನೆಂಟರು ಕಾಣುತ್ತಿಲ್ಲವೆಂದು ನಾನು ತಿಳಿದೆ. ಒರಳು ನೋಡಿದರು, ಹಿತ್ತಲು ನೋಡಿದರು. ರೊಟ್ಟಿಯ ಹೆಂಗಸು ಬಂದು ಹಿಟ್ಟಿನ ಕೈಯಿಂದಲೇ ನನ್ನ ಸ್ಟ್ಯಾಂಡಿನ ಕಡೆ ತೋರಿಸಿದಳು.

ಮನೆ ತುಂಬ ನಗು. ನನಗೊಂದೂ ತಿಳಿಯಲಿಲ್ಲ. ನನ್ನ ಹೆಂಡತಿ ಹಣೆ ಬಡಿದುಕೊಂಡು ಹತ್ತಿರ ಬಂದು, "ಅಲ್ರಿ, ಕೂಸಿನಕಿಂತ ಮೊದಲ ತೊಟ್ಟಿಲದಾಗ ಹೋಗೋದು ಗುಂಡಕಲ್ಲು. ಅದಕ್ಕ ಕುಂಚಿಗಿ ಕಟ್ಟಿ, ತೊಟ್ಟಿಲದ ಕೆಳಗ ಮ್ಯಾಲ ದಾಟಸ್ತೇವಿ. ಎರಡ್ ಮಕ್ಕಳ ತಂದಿ ಆದ್ರೂ ನಿಮಗ ಗೊತ್ತಿಲ್ಲೇನು?" ಎಂದಳು.

ಗೊತ್ತಿರಲಿಲ್ಲ. ಕುರ್ರ್ ಗೊತ್ತಿತ್ತು. ಅದರ ಗುದ್ದು ಅಂಗಳದವರೆಗೂ ಕೇಳುತ್ತದೆ. ಗುಂಡಪ್ಪನ ವಿಷಯ ಅಂಗಳದಲ್ಲಿ ಕೂತ ಗಂಡಸಿಗೆ ಯಾರು ಹೇಳುತ್ತಾರೆ?

ಬೀಗತಿ ಬಗ್ಗಿ ಗಂಟು ಬಿಚ್ಚುತ್ತ, "ಬೀಗರ, ನಮ್ಮ ಗುಂಡಪ್ಪನ್ನ ಹಿಂಗ ಜೋಕಾಲಿ ಆಡಸಾಕತ್ತೀರಲ್ಲ, ಕೇಳಿದ್ರ ಎಲ್ಲಾ ಹೇಳ್ತಿದ್ವಿ" ಎಂದರು. ಕಲ್ಲು ಹೋಯಿತು. ಸ್ಟ್ಯಾಂಡು ಹಗುರಾಯಿತು. ಹೆಂಗಸರು ಓಡಾಡುವಾಗ ಕ್ಯಾಮೆರಾ ಜುಂಯ್ ಎನ್ನುವುದು ಕೈಗೇ ಗೊತ್ತಾಗುತ್ತಿತ್ತು. ತುಂಬಿದ ಕೊಡ ತರಿಸಿ ಕೊಂಡಿಗೆ ನೇತುಹಾಕಿಸಿದೆ. ಒಳಗಿನ ನೀರು ತುಳುಕಿ ಮೊದಲಿಗಿಂತ ಕೆಟ್ಟಿತು.

ಬಾಗಿಲಲ್ಲಿ ನಿಂತ ಬೀಗರು ಮೆತ್ತಗೆ, "ಬಸ್ ಸ್ಟ್ಯಾಂಡಿನ ಹುಡುಗ ಇನ್ನೂ ಅಂಗಡ್ಯಾಗ ಇದ್ದಾನ್ರಿ. ಆಮ್ಯಾಲ ಅಂಗಳದಾಗ ಕೂಸಿಂದು ಒಂದ್ ಛಂದ ಫೋಟೋ ತೆಗಸೋಣು. ನೀವು ಆರಾಮ ಕೂಡ್ರಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು. ಜನ್ಮವಿಡೀ ನನಗೆ ಆರಾಮ ಕೂಡು ಎಂದವರೆಲ್ಲ ಒಳ್ಳೆಯ ಮನಸ್ಸಿನವರೇ.

"ಕೂಸಿಗೆ ಹೆಸರಿಡೋದು ಅಂಗಳದಾಗ ಅಲ್ರಿ," ಎಂದೆ. "ಇಲ್ಲೇ. ನಾ ಇಲ್ಲಿಂದ ಏಳಂಗಿಲ್ಲ. ಏಳಾಕೂ ಬರಂಗಿಲ್ಲ ನನಗ."

ಹೆಂಗಸರು ನಗಬೇಕೋ ಬೇಡವೋ ಎಂದು ನೋಡಿದರು. ನಾನೇ ನಕ್ಕೆ, ಅವರೂ ನಕ್ಕರು.

ಅಷ್ಟರಲ್ಲಿ ಗುಂಡಪ್ಪನ ಶೃಂಗಾರವಾಗಿತ್ತು. ಕುಪ್ಪಸದ ಹಸಿರು ಖಣ ಸುತ್ತಿ, ನಮ್ಮ ಮನೆಯಿಂದ ತಂದ ಕುಂಚಿಗೆ ಕಟ್ಟಿ, ಕಲ್ಲಿನ ಹಣೆಗೆ ಕುಂಕುಮ ಹಚ್ಚಿದ್ದರು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಅದನ್ನು ಕೊಟ್ಟು ತೆಗೆದುಕೊಂಡು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಇನ್ನು ಕೂಸಿನ ಸರದಿ.

"ತಡೀರಿ," ಎಂದೆ. "ಗುಂಡಪ್ಪಂದು ಮುಗೀತಲ್ಲ? ಇನ್ನ ಅವನ್ನ ಎಲ್ಲಿ ಇಡ್ತೀರಿ?"

"ಕೂಸಿನ ಕಾಲ ಕಡೆ ಇರ್ತಾನ್ರಿ" ಎಂದಳೊಬ್ಬ ಮುದುಕಿ.

"ಮೊದಲ ಹುಟ್ಟಿದವ ಅವನಲ್ಲೇನು? ಹಂಗಾದ್ರ ನನ್ನ ಹಿರೇ ಮೊಮ್ಮಗ. ತಂಗಿ ತೊಟ್ಟಿಲದಾಗ ಇರ್ಲಿ, ಅಣ್ಣ ಅಜ್ಜನ ಹತ್ರ ಬರ್ಲಿ."

ಮುದುಕಿ ಹಾಗೆಲ್ಲ ಮಾಡುವ ಪದ್ಧತಿ ಇಲ್ಲ ಎಂದಳು. ಇನ್ನೊಬ್ಬಳು ಎಲ್ಲಿಯಾದರೂ ಉಂಟೇ ಎಂದಳು. ಬೀಗತಿ ನನ್ನ ಮುಖ ನೋಡಿದರು, ಸ್ಟ್ಯಾಂಡು ನೋಡಿದರು. ಆಮೇಲೆ ಗುಂಡಪ್ಪನನ್ನು ಎರಡೂ ಕೈಯಿಂದ, ಕುತ್ತಿಗೆಗೆ ಆಸರೆ ಕೊಟ್ಟು ಕೂಸನ್ನು ಎತ್ತುವ ಹಾಗೆಯೇ ಎತ್ತಿ ತಂದರು. "ಅಜ್ಜ ಕೇಳ್ಯಾನ, ಕೊಡಬೇಕು" ಎಂದು, ಖಣ ಕುಂಚಿಗೆ ಸಮೇತ ವಲ್ಲಿಯಲ್ಲಿಟ್ಟು ತಾವೇ ಗಂಟು ಹಾಕಿದರು. ಸ್ಟ್ಯಾಂಡು ಮತ್ತೆ ಬೇರು ಬಿಟ್ಟಿತು.

ಕೂಸು ತೊಟ್ಟಿಲಿಗೆ ಬಂತು. ಮಗಳು ಬಗ್ಗಿದಳು.

"ಮಗಳ, ಕುರ್ರ್ ಅನ್ನೋದು ಉದ್ದಕ್ಕ ಅನ್ನು. ಅನ್ನೋತನಕ ಅಲುಗಬ್ಯಾಡ" ಎಂದೆ. "ನೀವು ಅದು ಮುಗಿಯೋತನಕ ಗುದ್ದಬ್ಯಾಡ್ರಿ."

"ಲಗೂನ ಮುಗಸ್ರಿ ಅಜ್ಜಾರ, ಕೈ ಕಡ್ಯಾಕತ್ತಾವು" ಎಂದಳು ಜೇವರ್ಗಿಯಿಂದ ಮಗಳ ಜೊತೆ ಬಂದ ಅವಳ ನಾದಿನಿ. ಗುದ್ದಲು ಮೊದಲು ನಿಂತವಳೇ ಅವಳು.

ಮಗಳು ಬಾಯಿಯನ್ನು ಕೂಸಿನ ಕಿವಿಗೆ ಹತ್ತಿಸಿ ಕುರ್ರ್ ಎಂದು ಶುರುಮಾಡಿದಳು. ಎಂಥ ಉದ್ದ. ಬಾವಿಗೆ ಬಿಟ್ಟ ಹಗ್ಗದ ಹಾಗೆ ಅದು ಇಳಿಯುತ್ತಲೇ ಹೋಯಿತು. ಕೂಸು ಕೇಳುತ್ತ ಕಣ್ಣರಳಿಸಿ ಸುಮ್ಮನಾಯಿತು. ಅದೇ ಹೊತ್ತಿಗೆ ನನ್ನ ಗಾಡಿ ಗಡಕ್ಕನೆ ಅಲುಗಿತು. ಬೀಗರು ನೋಡುವ ಆಸೆಗೆ ಒಳಗೆ ಬಂದು, ಗಾಲಿಯ ಮೇಲೆ ಕಾಲಿಟ್ಟು ನನ್ನ ಹೆಗಲ ಮೇಲಿನಿಂದ ಬಗ್ಗಿದ್ದರು. ಗಾಡಿಯ ಜೊತೆ ನಾನೂ ಅಲುಗಿದೆ. ಕ್ಯಾಮೆರಾ ಅಲುಗಲಿಲ್ಲ. ವೈರು ಒತ್ತಿದೆ, ಮನಸ್ಸಿನಲ್ಲಿ ಎಣಿಸಿದೆ, ಬಿಟ್ಟೆ. ಮಗಳು ಹೆಸರು ಹೇಳಿದಳು. ಧಪಧಪ ಗುದ್ದು ಬಿದ್ದವು.

ಆಳಂದಕ್ಕೆ ಬಂದವನೇ ರೀಲು ತೊಳೆದೆ. ಒದ್ದೆ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದೆ. ಮಗಳ ತುಟಿ, ಕೂಸಿನ ಕಿವಿ, ಕಿವಿಯ ಮೇಲಿನ ಎಳೆಗೂದಲು ಒಂದೊಂದೂ ಬೇರೆ ಬೇರೆ. ಮೂಗು ಒಂದೇ. ಹಿಂದೆ ಗುದ್ದಲು ಎತ್ತಿದ ನಾದಿನಿಯ ಕೈ ಮಾತ್ರ ಹೊಗೆಯ ಹಾಗೆ. ಅವಳು ತಡೆಯಲಾಗದೆ ಮೊದಲೇ ಶುರುಮಾಡಿದ್ದಳು. ಅದೂ ಇರಲಿ, ಚೆಂದವೇ ಇದೆ. ನಾನು ಕತ್ತಲ ಕೋಣೆಯಲ್ಲಿ ಒಬ್ಬನೇ ಕೂತು ಕುರ್ರ್ ಎಂದೆ. ಯಾರೂ ಗುದ್ದಲಿಲ್ಲ.

ಕೆಲವು ದಿನಕ್ಕೆ ಬೀಗರು ಆಳಂದಕ್ಕೆ ಬಂದರು. ದೊಡ್ಡದು ಮಾಡಿದ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯ ಮುಂದೆ ನಾನು ಗಾಡಿಯಲ್ಲಿದ್ದೆ, ಪಕ್ಕದಲ್ಲಿ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ. ಅವರು ಗಾಲಿಯ ಮೇಲೆ ಕಾಲಿಟ್ಟು, ಮೊಣಕೈ ಊರಿ ಹೇಳಿದರು: "ಬೀಗರ, ಯಡ್ರಾಮ್ಯಾಗ ನಮ್ಮ ತಮ್ಮನ ಮಗಳ ಮದುವಿ ಅದ. ಒಳಗಿಂದು ಹೊರಗಿಂದು ಎಲ್ಲಾ ಫೋಟೋ ನೀವೇ ತೆಗೀಬೇಕು."

"ಗಾಡಿ ಒಳಗ ಬರ್ತದ್ರಿ."

"ಬರ್ಲಿ."

"ಗುಂಡಕಲ್ಲು ಬೇಕು."

"ಎರಡು ತೆಗದಿಡಸ್ತೇನಿ. ಒಂದು ಹಿಂಡಿಗೆ, ಒಂದು ನಿಮಗ."

ಮಾತಿನ ಭರಕ್ಕೆ ಅವರು ಗಾಡಿಯನ್ನು ಹಿಂದೆ ಮುಂದೆ ತೂಗುತ್ತಲೇ ಇದ್ದರು. ನಾನು ಕಾಲು ತೆಗೆಯಿರಿ ಎನ್ನಲಿಲ್ಲ. ಹಾಗೆಯೇ ತೂಗಿಸಿಕೊಳ್ಳುತ್ತ, ತಲೆ ಬಗ್ಗಿಸಿ, ಅವರದೊಂದು ಫೋಟೋ ತೆಗೆದೆ.